ಐದನೆಯ ಗೀರು

ದೀಪಾವಳಿಗೆ ನಕ್ಷತ್ರಕಡ್ಡಿಯನ್ನು ಕೂಡ ಮುಖ ತಿರುಗಿಸಿಕೊಂಡು ಹಿಡಿಯುತ್ತಿದ್ದವಳು ನಾನು. ಪಟಾಕಿ ಹಚ್ಚುವ ಹೊತ್ತಿಗೆ ಅಡುಗೆಮನೆಯಲ್ಲಿ ಏನಾದರೊಂದು ತುರ್ತು ಕೆಲಸ ನೆನಪಾಗುತ್ತಿತ್ತು. ಅಂಥವಳು ಈಗ ಅಬುಧಾಬಿಯ ಹೊರಗಿರುವ ಒಂದು ಶೂಟಿಂಗ್ ಕ್ಲಬ್ಬಿನಲ್ಲಿ, ದಿನಕ್ಕೆ ಎಂಟು ಗಂಟೆ, ರೈಫಲ್ಲಿನ ಖಾಲಿ ತೋಟೆಗಳ ನಡುವೆ ಕೂತಿರುತ್ತೇನೆ. "ಕೋವಿ ಹಿಡೀತೀಯಾ ಅಕ್ಕ?" ಎಂದು ಊರಿನಿಂದ ತಂಗಿ ಫೋನಿನಲ್ಲಿ ಕೇಳಿದಳು. ಹಿಡಿಯುವುದಿಲ್ಲ. ಹೊಡೆದು ಮುಗಿದದ್ದನ್ನು ಆರಿಸುತ್ತೇನೆ, ಅಷ್ಟೆ.

ಈ ಕೆಲಸ ಮೊದಲು ನನ್ನ ಗಂಡ ಸದಾಶಿವ ಅವರದ್ದು. ಹೋದ ವರ್ಷ ಆಗಸ್ಟಿನಲ್ಲಿ, ಇದೇ ಕೋಣೆಯಲ್ಲಿ, ಇದೇ ಸ್ಟೂಲಿನಲ್ಲಿ ಕೂತಿದ್ದವರು ಹಾಗೇ ಮೇಜಿಗೆ ತಲೆಯಿಟ್ಟರು. ನಿದ್ದೆ ಇರಬೇಕೆಂದು ಅರ್ಧ ಗಂಟೆ ಯಾರೂ ಎಬ್ಬಿಸಲಿಲ್ಲವಂತೆ. ನಾನೂ ಮಗಳೂ ಅವರ ವೀಸಾದ ಮೇಲೆ ಇದ್ದವರು. ಮಗಳ ಓದು ಇನ್ನೂ ಎರಡು ವರ್ಷ ಬಾಕಿ. ಕ್ಲಬ್ಬಿನವರು ಯೋಚಿಸಿ, ಕೂತು ಮಾಡುವ ಕೆಲಸ, ಬೇಕಾದರೆ ನೀವೇ ಮಾಡಿ ಎಂದರು. ಸ್ಟೂಲು ಬದಲಾಯಿಸಿ ಕೊಡುತ್ತೇವೆ ಎಂದೂ ಹೇಳಿದರು. ಬೇಡ ಎಂದೆ.

ಕೆಲಸ ಅಕ್ಕಿ ಆರಿಸಿದ ಹಾಗೆಯೇ. ಗುಂಡು ಹೊಡೆಯುವ ರೇಂಜಿನ ನೆಲದಿಂದ ಗುಡಿಸಿ ತಂದ ತೋಟೆಗಳು ಬಕೆಟ್ಟಿನಲ್ಲಿ ಬರುತ್ತವೆ: ಉದ್ದದ್ದು, ಗಿಡ್ಡದ್ದು, ಕತ್ತು ಸಣ್ಣಗಿರುವುದು, ಎಲ್ಲ ಬೆರಕೆ. ಮೊದಲು ಅಳತೆ ನೋಡಿ ಬೇರೆ ಮಾಡಬೇಕು. ಆಮೇಲೆ ಬುಡದಲ್ಲಿ ಒತ್ತಿರುವ ಅಕ್ಷರ ನೋಡಿ, ಯಾವ ಕಂಪನಿಯದೆಂದು ಬೇರೆ ಮಾಡಬೇಕು; ಹೊರಗೆ ಒಂದೇ ಥರ ಕಂಡರೂ ಒಂದರ ಗೋಡೆ ಒಳಗೆ ದಪ್ಪ, ಇನ್ನೊಂದರದ್ದು ತೆಳು. ಕೆಲವು ದೊಡ್ಡ ತೋಟೆಗಳ ಹೊಟ್ಟೆಯೊಳಗೆ ಪುಟ್ಟದೊಂದು ನುಗ್ಗಿ ಕೂತಿರುತ್ತದೆ. ಅದನ್ನು ಕುಟ್ಟಿ ಹೊರಗೆ ಬೀಳಿಸುವಾಗ ಹೆರಿಗೆ ಮಾಡಿಸಿದ ಹಾಗೆ ಅನಿಸಿ ನಗು ಬರುತ್ತದೆ. ನಾನು ಆರಿಸಿಟ್ಟದ್ದನ್ನು ಪಕ್ಕದ ಮೇಜಿನಲ್ಲಿ ಕುಂದಾಪುರದ ವಲೇರಿಯನ್ ತೊಳೆದು, ಕಿಡಿ ಹೊತ್ತಿಸುವ ಹೊಸ ಕೇಪು, ಮದ್ದು, ಗುಂಡು ಕೂರಿಸಿ ಮತ್ತೆ ಜೀವ ಕೊಡುತ್ತಾರೆ.

ತೋಟೆಗೆ ಹಿತ್ತಾಳೆಯೇ ಯಾಕೆ ಎಂದು ನಮ್ಮ ಮನೆಯವರನ್ನು ಒಮ್ಮೆ ಕೇಳಿದ್ದೆ. ಅಮ್ಮ ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದ ಚೊಂಬು, ದೇವರ ಮುಂದಿನ ದೀಪ, ಇವೆಲ್ಲ ಆದದ್ದೂ ಅದೇ ಲೋಹದಿಂದಲ್ಲವೇ? ಇವರು ಹೇಳಿದ್ದು ಇಷ್ಟು: ಹೊಡೆದಾಗ ಹಿತ್ತಾಳೆ ಹಿಗ್ಗಿ ಬೆಂಕಿಯನ್ನು ತಡೆಯುತ್ತದೆ, ಮರುಕ್ಷಣ ಕುಗ್ಗಿ ಸಲೀಸಾಗಿ ಹೊರಗೆ ಬರುತ್ತದೆ. ಆದರೆ ಪೂರ್ತಿ ಮೊದಲಿನ ಹಾಗೆ ಆಗುವುದಿಲ್ಲ. ಪ್ರತಿ ಸಲ ಒಂದಿಷ್ಟು ಸೆಟೆಯುತ್ತದೆ. ಕೊನೆಗೊಮ್ಮೆ ಹಿಗ್ಗುವ ಬದಲು ಒಡೆಯುತ್ತದೆ. ಅದಕ್ಕೇ ನಮ್ಮ ಕೋಣೆಯಲ್ಲಿ ಒಂದು ನಿಯಮ. ಹೊಡೆದು ಬಂದ ಪ್ರತಿ ಸಲ ಬುಡದ ಅಂಚಿಗೆ ಅರದಿಂದ ಒಂದು ಸಣ್ಣ ಗೀರು. ಐದನೆಯ ಗೀರು ಬಿದ್ದ ಮೇಲೆ ಇಕ್ಕಳದಿಂದ ಬಾಯಿ ಜಜ್ಜಿ ಗುಜರಿ ಡ್ರಮ್ಮಿಗೆ.

ಬಕೆಟ್ಟು ಬಿಸಿಲಿನಲ್ಲಿ ನಿಂತು ಬರುವುದರಿಂದ ತೋಟೆಗಳು ಬೆಚ್ಚಗಿರುತ್ತವೆ, ಸರಿಯಾಗಿ ಮೈಬಿಸಿಯಷ್ಟು. ಯಾರೋ ಈಗಷ್ಟೇ ಹಿಡಿದಿದ್ದು ಕೆಳಗಿಟ್ಟ ಹಾಗೆ. ಕೆಲಸಕ್ಕೆ ಸೇರಿದ ಎರಡನೆಯ ವಾರ, ಹಾಗೆ ಬೆಚ್ಚಗಿದ್ದ ಒಂದು ತೋಟೆಯ ಅಂಚು ಸವರಿದಾಗ ಬೆರಳಿಗೆ ನಾಲ್ಕು ಗೀರು ಸಿಕ್ಕಿತು. ನಾಲ್ಕೂ ಓರೆ. ಇವರು ಎಡಗೈಯವರು. ನಾನು ಕೈಯನ್ನು ಹೊರಗೆ ತೆಗೆಯಲೇ ಇಲ್ಲ. ಬಕೆಟ್ಟಿನ ಒಳಗೆ ಇನ್ನೊಂದು ಕೈ ಇದ್ದ ಹಾಗಿತ್ತು.

ಐದನೆಯ ಗೀರು ನಾನು ಹಾಕಬೇಕಿತ್ತು. ಅರ ಎತ್ತಿಕೊಂಡೆ, ಕೆಳಗಿಟ್ಟೆ. ಗೀರು ಹಾಕದೆ ಅದನ್ನು ಒಳ್ಳೆಯವುಗಳ ಟ್ರೇಗೆ ಸೇರಿಸಿದೆ. ಅಂಥವು ನಲವತ್ತರಷ್ಟಿದ್ದವು, ಎಲ್ಲವೂ ಅಬು ರಾಶಿದ್ ಎಂಬ ಒಬ್ಬ ಹಳೆಯ ಸದಸ್ಯರ ಕೋವಿಯವು. ಶನಿವಾರ ಹೋಗುತ್ತಿದ್ದವು, ಬೆಚ್ಚಗೆ ಮರಳಿ ಬರುತ್ತಿದ್ದವು. ನಾಲ್ಕೇ ಗೀರು. ಮತ್ತೆ ಹೋಗುತ್ತಿದ್ದವು, ಮತ್ತೆ ನಾಲ್ಕೇ. ನನ್ನ ಮೇಜಿನ ಮೇಲೆ ಅವಕ್ಕೆ ವಯಸ್ಸಾಗುವುದು ನಿಂತಿತ್ತು. ಅವನ್ನು ಮುಂದೆ ಸಾಲಾಗಿ ನಿಲ್ಲಿಸಿಕೊಂಡು ಮಗಳ ಪರೀಕ್ಷೆ, ಖಲೀಫಾ ಸಿಟಿಯ ವಿಲ್ಲಾವೊಂದರ ನಮ್ಮ ಬಾಡಿಗೆ ಕೋಣೆಯಲ್ಲಿ ಕೆಟ್ಟ ಎಸಿ, ಎಲ್ಲ ಹೇಳುತ್ತಿದ್ದೆ. ನೀವು ನಗುವುದಾದರೆ ನಗಿ. ಇದ್ದಾಗಲೂ ಅವರು ಹೆಚ್ಚು ಉತ್ತರ ಕೊಡುತ್ತಿರಲಿಲ್ಲ, ಹಾಗಾಗಿ ವ್ಯತ್ಯಾಸ ಅಷ್ಟಾಗಿ ತಿಳಿಯಲಿಲ್ಲ.

ವಲೇರಿಯನ್‌ಗೆ ತಿಳಿಯಿತು. "ಎಂತ ಅಕ್ಕ, ಸದಾಶಿವಣ್ಣ ಹೋಗಿ ವರ್ಷ ಆಯ್ತು. ಅವರ ನಾಲ್ಕು ಗೀರಿನದ್ದು ಮುಗಿಯುವುದೇ ಇಲ್ಲವಲ್ಲ! ಅವರೇ ಬಂದು ಹಾಕಿ ಹೋಗ್ತಾರಾ?"

"ಬಂದರೆ ಚಾ ಕೊಡಿ," ಎಂದೆ.

"ತಮಾಷೆ ಮಾಡ್ಬೇಡಿ ಮಾರಾಯ್ರೆ. ನಾನು ಸಂಜೆ ಒಬ್ಬನೇ ಬಾಗಿಲು ಹಾಕ್ಲಿಕ್ಕೆ ಉಂಟು." ತಮಾಷೆ ಶುರು ಮಾಡಿದ್ದು ಅವರೇ. ಆದರೂ ಎದೆಯ ಮೇಲೆ ಶಿಲುಬೆ ಎಳೆದುಕೊಂಡರು. ಅಂದಿನಿಂದ ನನ್ನ ಮೂಲೆಗೆ ಬೆನ್ನು ಹಾಕಿ ಕೂರುವುದನ್ನು ಬಿಟ್ಟರು.

ಆಮೇಲಿನ ಒಂದು ಶನಿವಾರ ಬೆಳಿಗ್ಗೆ ಅಬು ರಾಶಿದ್‌ಗೆ ಆ ತೋಟೆಗಳಲ್ಲೇ ತುಂಬಿಸಿದ ಇಪ್ಪತ್ತರ ಡಬ್ಬಿ ಹೋಗಿತ್ತು. ಉಳಿದವು ನನ್ನ ಮುಂದೆ. ಒಡಕು ಹುಡುಕಲು ಇವರು ಕಲಿಸಿದ ದಾರಿ, ಏಳೆಂಟು ತೋಟೆಗಳನ್ನು ಅಂಗೈಯಲ್ಲಿ ಉರುಳಿಸುವುದು. ಸರಿಯಿದ್ದರೆ ಬಳೆಯ ಹಾಗೆ ಗಲಗಲ ಅನ್ನುತ್ತವೆ. ಆ ದಿನ ಗಲಗಲದ ನಡುವೆ ಯಾರೋ ಗಂಟಲು ಸರಿಮಾಡಿಕೊಂಡರು. ಒಂದೊಂದನ್ನೇ ಮೇಜಿಗೆ ತಟ್ಟಿದೆ. ಎಲ್ಲವೂ ಸ್ವಚ್ಛ ದನಿ. ಒಟ್ಟಿಗೆ ಉರುಳಿಸಿದರೆ ಮತ್ತೆ ಅದೇ. ಇವರು ಯಾವುದಕ್ಕಾದರೂ ಬೇಡ ಎನ್ನುವ ಮೊದಲು ಹಾಗೆಯೇ ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ವಲೇರಿಯನ್ ಕಡೆ ನೋಡಿದೆ. ಅವರು ಬಾಯಿ ಮುಚ್ಚಿಕೊಂಡು ಮದ್ದು ಅಳೆಯುತ್ತಿದ್ದರು.

ತುದಿ ಬಗ್ಗಿಸಿದ ತಂತಿಯೊಂದು ನಮ್ಮಲ್ಲಿದೆ. ಅದನ್ನು ತೋಟೆಯೊಳಗೆ ಇಳಿಸಿ, ಗೋಡೆಗೆ ತಾಗಿಸಿ ಮೇಲೆ ಎಳೆದರೆ ಕಣ್ಣಿಗೆ ಕಾಣದ ಬಿರುಕು ಕೈಗೆ ಗೊತ್ತಾಗುತ್ತದೆ. ಮೂರನೆಯ ತೋಟೆಯಲ್ಲಿ, ಬುಡದಿಂದ ಸ್ವಲ್ಪ ಮೇಲೆ, ತಂತಿ ಸಿಕ್ಕಿಕೊಂಡಿತು. ಒಳಗೇ ಸುತ್ತಲೂ ಸವೆದು ಗೆರೆಯಾಗಿತ್ತು. ಇನ್ನೊಂದರಲ್ಲಿಯೂ. ಇನ್ನೂ ಒಂದರಲ್ಲಿಯೂ. ಮುಂದಿನ ಸಲ ಹೊಡೆದರೆ ತೋಟೆ ಎರಡಾಗಿ, ಬೆಂಕಿ ಹಿಂದಕ್ಕೆ ನುಗ್ಗುತ್ತದೆ. ಹಿಂದೆ ಇರುವುದು ಹೊಡೆಯುವವರ ಕಣ್ಣು.

ಗೋಡೆಯ ಆಚೆ ಒಂದು ಗುಂಡು ಹಾರಿತು.

ಅಬು ರಾಶಿದ್ ನಿಧಾನದ ಮನುಷ್ಯ. ಅವರ ಎರಡು ಗುಂಡುಗಳ ನಡುವೆ ಒಂದು ಚಾ ಕುಡಿದು ಲೋಟ ತೊಳೆದಿಡಬಹುದು ಎಂದು ವಲೇರಿಯನ್ ಹೇಳುವುದುಂಟು. ಅಷ್ಟರಲ್ಲಿ ನಾನು ಬಾಗಿಲು ದಾಟಿದ್ದೆ. ವರ್ಷವಿಡೀ ಸದ್ದು ಕೇಳಿದ್ದೆನೇ ಹೊರತು ಆ ಕಡೆ ಒಮ್ಮೆಯೂ ಹೋದವಳಲ್ಲ. ಉರಿಬಿಸಿಲು, ಸಿಮೆಂಟಿನ ನೆಲ, ಸಾಲು ಮೇಜುಗಳು. ಕೊನೆಯ ಮೇಜಿನಲ್ಲಿ ಬಿಳಿಗಡ್ಡದ ಮುದುಕರೊಬ್ಬರು ಕೋವಿಯ ಮರಕ್ಕೆ ಕೆನ್ನೆಯಿಟ್ಟು ಮಲಗಿದಂತೆ ಬಾಗಿದ್ದರು. ಮೇಜಿಗೆ ಹಾಗೆ ತಲೆಯಿಟ್ಟವರನ್ನು ಎಬ್ಬಿಸದೆ ಬಿಡಬಾರದು ಅನಿಸಿತು. ನಿಲ್ಲಿಸಿ ಎನ್ನಲು ನನಗೆ ಗೊತ್ತಿದ್ದ ಒಂದೇ ಅರಬಿ ಮಾತು, "ಖಲಾಸ್! ಖಲಾಸ್!" ಎಂದು ಕಿರುಚಿದೆ. ನನ್ನ ಗಂಟಲಿನಲ್ಲಿ ಅಷ್ಟು ದನಿ ಇರುವುದು ನನಗೇ ಗೊತ್ತಿರಲಿಲ್ಲ.

ಅವರು ತಲೆ ಎತ್ತಿದರು. "ಕ್ಯಾ ಹುವಾ, ಸಿಸ್ಟರ್?"

ಬಿರುಕು, ಗೆರೆ, ಗೀರು, ಇವಕ್ಕೆಲ್ಲ ಹಿಂದಿಯಲ್ಲಿ ಏನೆನ್ನುತ್ತಾರೋ ಹೊಳೆಯಲಿಲ್ಲ. ಬಾಯಿಗೆ ಬಂದದ್ದು ಒಂದೇ. "ಮೇರಾ ಆದ್ಮಿ ಮರ್ ಗಯಾ," ಎಂದೆ. ನನ್ನ ಗಂಡ ತೀರಿಕೊಂಡರು.

ಮುದುಕರು ಕೋವಿಯನ್ನು ಬಿಚ್ಚಿ, ಒಳಗಿದ್ದ ತೋಟೆಯನ್ನು ತೆಗೆದು ಮೇಜಿನ ಮೇಲಿಟ್ಟರು. "ಮಾಲೂಮ್ ಹೈ, ಸಿಸ್ಟರ್," ಎಂದರು ಮೆಲ್ಲಗೆ. ಗೊತ್ತಿರದೆ ಏನು, ಆಗ ಮನೆಗೆ ಖರ್ಜೂರದ ಬುಟ್ಟಿ ಕಳಿಸಿದ್ದವರೇ ಅವರು. ಆಮೇಲೆ ನನ್ನ ಕೈಯಲ್ಲಿದ್ದ ತೋಟೆಯನ್ನೂ ತಂತಿಯನ್ನೂ ತೆಗೆದುಕೊಂಡು ತಾವೇ ಎಳೆದು ನೋಡಿದರು. ತಂತಿ ಸಿಕ್ಕಿಕೊಂಡಿತು. ಒಂದು ಕ್ಷಣ ಕಣ್ಣುಜ್ಜಿಕೊಂಡರು. ಡಬ್ಬಿ ಮುಚ್ಚಿ ನನಗೆ ಕೊಟ್ಟು, ಕುಡಿಯಲು ನೀರಿನ ಬಾಟಲಿ ಕೊಟ್ಟರು.

ಮಧ್ಯಾಹ್ನ ವಲೇರಿಯನ್ ಬೈಯಲಿಲ್ಲ. ತುಂಬಿಸಿದ್ದನ್ನೆಲ್ಲ ಬಿಚ್ಚಿ ಬಿಚ್ಚಿ ನನ್ನ ಕಡೆ ಸರಿಸಿದರು. ಪ್ರತಿಯೊಂದಕ್ಕೂ ಐದನೆಯ ಗೀರು ಹಾಕಿ ಬಾಯಿ ಜಜ್ಜಿದೆ. ಆಫೀಸಿನಿಂದ ಎಚ್ಚರಿಕೆಯ ಪತ್ರ ಬಂತು, ಕೆಲಸ ಉಳಿಯಿತು. ಪತ್ರ ಓದಿದ ಮಗಳು, "ಅಮ್ಮಾ, ದಿಸ್ ಈಸ್ ಸೀರಿಯಸ್!" ಎಂದಳು. ಹೌದು ಎಂದೆ.

ಇವರು ತೀರಿಕೊಂಡ ಸುದ್ದಿ ಊರಿಗೆಲ್ಲ ಅಂದೇ ತಿಳಿದಿತ್ತು. ಎಂಬಸಿಗೆ ತಿಳಿದಿತ್ತು, ವೀಸಾ ಆಫೀಸಿಗೆ ತಿಳಿದಿತ್ತು, ಅಬು ರಾಶಿದ್‌ಗೂ ತಿಳಿದಿತ್ತು. ತಿಳಿಯದೆ ಉಳಿದವಳು ನಾನೊಬ್ಬಳೇ. ಒಂದು ವರ್ಷ ತಡವಾಯಿತು, ಒಪ್ಪುತ್ತೇನೆ. ಆದರೂ ಒಂದು ಗುಂಡಿನಷ್ಟು ಮೊದಲೇ ತಿಳಿಯಿತು.