ಹತ್ತನೇ ವರ್ಷದ ತಟ್ಟೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ರಸ್ತೆ ಪರೀಕ್ಷಾ ಕೇಂದ್ರದ ಐವತ್ತೆಂಟು ಮೆಟ್ಟಿಲುಗಳನ್ನು ಡಾಂಬರಕ್ಕ ಒಂದೊಂದಾಗಿ ಹತ್ತುತ್ತಿದ್ದಾರೆ. ಕೇಂದ್ರದವರೇ ಇಟ್ಟ ಹೆಸರು ಅದು. ಅರ್ಧದಲ್ಲಿ ನಿಂತು ಮಂಡಿ ಹಿಡಿದುಕೊಂಡು, ಅವರ ಕೆಲಸ ನೋಡಲು ಬಂದ ನನಗೆ ಹೇಳುತ್ತಾರೆ: “ನೀವು ನಡೀರಿ, ಇದು ಒಪ್ಪಿದ ಮೇಲೆ ಬರ್ತೀನಿ.”

ತಾರಸಿಯಲ್ಲಿ ಒಂದೇ ಒಂದು ಕಬ್ಬಿಣದ ತಟ್ಟೆ, ಅದರೊಳಗೆ ಡಾಂಬರು ಜಲ್ಲಿಯ ದಪ್ಪ ಬಿಲ್ಲೆ. ಮೊದಲಿಗೆ ಇಂಥವು ಹತ್ತಿದ್ದವು. ವರ್ಷಕ್ಕೊಂದರಂತೆ ಒಂಬತ್ತು ಕೆಳಗಿನ ಪ್ರಯೋಗಾಲಯಕ್ಕೆ ಇಳಿದಿವೆ. ಬಿಸಿಲು, ಮಳೆ, ಧೂಳು ತಿಂದ ಡಾಂಬರು ಎಷ್ಟು ಪೆಡಸಾಗಿದೆ, ಎಲ್ಲಿ ಬಿರುಕು ಬಿಡುತ್ತದೆ ಎಂದು ಅಲ್ಲಿ ಒತ್ತಿ ನೋಡುತ್ತಾರೆ. ನಾವು ಓಡಾಡುವ ರಸ್ತೆಯ ಆಯುಸ್ಸು ಗೊತ್ತಾಗುವುದು ಹೀಗೆ. ತಟ್ಟೆ ಕಾದವರ ಹೆಸರು ಮಾತ್ರ ಯಾವ ವರದಿಯಲ್ಲೂ ಇಲ್ಲ.

ಅಕ್ಕ ಬಿಲ್ಲೆಯನ್ನು ಮುಟ್ಟುವುದಿಲ್ಲ. ಮೇಲೆ ಬಿದ್ದ ಎಲೆ ಆರಿಸಿ, ಆಕಾಶ ನೋಡಿ, ‘ಮೋಡ ಇದೆ, ಗಾಳಿ ಇಲ್ಲ’ ಎಂದು ಪುಸ್ತಕದಲ್ಲಿ ಬರೆಯುತ್ತಾರೆ. ದಿನಕ್ಕೆ ಎರಡು ಸಲ, ರಜೆಯಲ್ಲೂ. “ಹೊಸದರಲ್ಲಿ ಕಪ್ಪಗೆ ಮಿರಮಿರ ಮಿಂಚ್ತಿತ್ತು, ಮಧ್ಯಾಹ್ನ ಆದ್ರೆ ಘಮ್ಮಂತ ವಾಸನೆ. ಈಗ ನೋಡಿ, ನನ್ನ ತಲೆ ಥರಾನೇ ಬೂದಿ ಬಣ್ಣ.” ಮನೆಯಲ್ಲಿ ಮಗಳು ರೇಗಿಸುತ್ತಾಳಂತೆ: “ನಮ್ಮನ್ನ ಬಿಸಿಲಿಗೆ ಬಿಡ್ತಿರಲಿಲ್ಲ, ಟಾರನ್ನ ನೆರಳಿಗೆ ಬಿಡಲ್ಲ!”

ಮೊದಲು ಇವರು ರಸ್ತೆಗೆ ಕಾದ ಡಾಂಬರು ಸುರಿಯುತ್ತಿದ್ದರು. ಪಾದ ಸುಟ್ಟ ಮೇಲೆ ಇಲ್ಲಿಗೆ ಬಂದರು. ಬಂದ ತಿಂಗಳಲ್ಲೇ ಒಂದು ಸಂಜೆ ಜೋರು ಮಳೆ. ಅಕ್ಕ ಓಡಿಹೋಗಿ ಹತ್ತೂ ತಟ್ಟೆಗಳಿಗೆ ಟಾರ್ಪಾಲು ಹೊದಿಸಿ, ಒಳ್ಳೇ ಕೆಲಸ ಮಾಡಿದೆನೆಂದು ಮನೆಗೆ ಹೋದರು. “ಬೆಳಿಗ್ಗೆ ಸಾಹೇಬ್ರು ತಲೆ ಮೇಲೆ ಕೈ ಹೊತ್ಕೊಂಡ್ರು. ‘ಅಮ್ಮಾ, ಹಾಳಾಗ್ಲಿ ಅಂತಾನೇ ಇಟ್ಟಿರೋದು!’ ಅಂದ್ರು. ಹಾಳಾಗೋದನ್ನ ಕಾಯೋ ಕೆಲಸಾನೂ ಇರುತ್ತಾ ಅಂತ ನಗು ಬಂತು. ಕೆಲಸ ಹೋಯ್ತು ಅಂತ ಅಳೂನೂ ಬಂತು.” ಕೆಲಸ ಉಳಿಯಿತು. ಆ ತಪ್ಪನ್ನೂ ಅವರು ಪುಸ್ತಕದಲ್ಲಿ ಬರೆದಿದ್ದಾರೆ, ನನಗೆ ಪುಟ ತೆಗೆದು ತೋರಿಸಿದರು.

ಈಗ ಕೆಳಗೊಂದು ಯಂತ್ರ ಬಂದಿದೆ. ವರ್ಷಗಳ ಬಿಸಿಲನ್ನು ಅದು ಡಾಂಬರಿಗೆ ವಾರದಲ್ಲೇ ಉಣಿಸುತ್ತದಂತೆ. ತಾರಸಿಗೆ ನೀರಿನ ಟ್ಯಾಂಕು ಬರುವುದರಿಂದ ತಿಂಗಳ ಕೊನೆಗೆ ತಟ್ಟೆ ಎತ್ತಬೇಕು. ಅದಕ್ಕೆ ಹತ್ತು ವರ್ಷ ತುಂಬಲು ಇನ್ನು ಮೂರೇ ತಿಂಗಳು! ಕೇಳಿ ನನಗೆ ಸಿಟ್ಟೇ ಬಂತು. ಅಕ್ಕನಿಗೆ ಸಿಟ್ಟಾಗುವಷ್ಟೂ ತ್ರಾಣವಿಲ್ಲ. “ಅಲ್ಲೀವರೆಗಾದ್ರೂ ಬಿಡಿ ಅಂತ ಮೂರು ಸಲ ಕೇಳ್ದೆ. ‘ನೋಡೋಣಮ್ಮ’ ಅಂತಾರೆ. ಯಂತ್ರ ಹೇಳೋದು ನಿಜಾನಾ ಅಂತ ಇದನ್ನ ನೋಡಿ ತಾನೇ ತಿಳೀಬೇಕು? ಹೊಳೆಯೆಲ್ಲಾ ಈಜಿ ದಡದಲ್ಲಿ ಮುಳುಗಿದ ಹಾಗಾಯ್ತು.”

ಮಾತಿನ ನಡುವೆ ದಪ್ಪ ಹನಿಗಳು ಬೀಳತೊಡಗುತ್ತವೆ. ಟ್ಯಾಂಕಿನ ಮೇಸ್ತ್ರಿ ತಂದಿಟ್ಟ ಟಾರ್ಪಾಲಿನತ್ತ ನನ್ನ ಕೈ ತಾನಾಗಿ ಹೋಗುತ್ತದೆ.

“ಅಯ್ಯಯ್ಯೋ, ಬೇಡ!” ನೋಯುವ ಮಂಡಿಯಲ್ಲೇ ಓಡಿಬಂದು ಅಕ್ಕ ನನ್ನ ಕೈ ಹಿಡಿಯುತ್ತಾರೆ. ಪುಸ್ತಕ ನೆನೆಯದಂತೆ ನನ್ನ ಚೀಲಕ್ಕೆ ತುರುಕಿ, ತಾವು ತಟ್ಟೆಯ ಪಕ್ಕದಲ್ಲೇ ನಿಲ್ಲುತ್ತಾರೆ.

“ನೀವು ಒಳಗೆ ಹೋಗಿ, ಶೀತ ಆಗುತ್ತೆ. ಇದು ನೆನೀಲಿ. ಎತ್ತೋ ದಿನದವರೆಗೂ ಇದರ ಪಾಲಿನ ಮಳೆ ಇದಕ್ಕೇ ಸಿಗ್ಲಿ.”