ಗುಡಗೇರಿಯ ಅಡ್ಡಿಯಿಲ್ಲ, ಮೈಸೂರಿನ ಅಡ್ಡಿಯಿಲ್ಲ

ಹುಬ್ಬಳ್ಳಿ ಕಡೆಯ ಗುಡಗೇರಿಯಲ್ಲಿ ನಮ್ಮ ಮೊದಲ ಬೆಳಿಗ್ಗೆ ಮಂಚ ನಡುಗಿತು. ಅಡುಗೆಮನೆಯಲ್ಲಿ ಒರಗಿಸಿಟ್ಟ ತಟ್ಟೆಗಳು ಝಲ್ಲೆಂದವು. ಭೂಕಂಪವೆಂದೇ ನಿಶ್ಚಯಿಸಿ, ಒಂದು ಕೈಯಲ್ಲಿ ಯಜಮಾನರನ್ನೂ ಇನ್ನೊಂದು ಕೈಯಲ್ಲಿ ಅವರ ಮಾತ್ರೆಯ ಡಬ್ಬಿಯನ್ನೂ ಹಿಡಿದು ಬರಿಗಾಲಲ್ಲಿ ಬೀದಿಗಿಳಿದೆ. ಕೆಳಗೆ ಹಿಟ್ಟಿನ ಗಿರಣಿ ಶುರುವಾಗಿತ್ತು, ಅಷ್ಟೆ. ರೆಪ್ಪೆಯವರೆಗೂ ಬೆಳ್ಳಗಾಗಿದ್ದ ಹೆಂಗಸೊಬ್ಬರು ಬಾಗಿಲಿಗೆ ಬಂದು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಏನ ಬೇ, ದೆವ್ವ ಕಂಡಾಂಗ ಓಡಿ ಬಂದೀ? ಮ್ಯಾಲೆ ಹಾವು ಹೊಕ್ಕೈತೇನು?"

ಅವರೇ ನಮ್ಮ ಮನೆಯೊಡತಿ, ಗಿರಣಿಯ ಮಾಲೀಕಳೂ ಆದ ಕಲ್ಲವ್ವ. ನಮ್ಮ ಮೈಸೂರಿನಲ್ಲಿ ಐವತ್ತು ಸಮೀಪಿಸಿದ ಹೆಂಗಸನ್ನು ಹಾಗೆ ಮಾತಾಡಿಸಿದರೆ ಬೀದಿಯೆಲ್ಲ ಸೇರಿ ಪಂಚಾಯ್ತಿ ನಡೆಯುತ್ತದೆ. ಇಲ್ಲಿ "ಬೇ" ಎಂದರೆ ಸಲಿಗೆ. ಅದು ಬೈಗುಳವಲ್ಲ ಎಂದು ತಿಳಿಯಲು ನನಗೆ ತಿಂಗಳು ಹಿಡಿಯಿತು. ಆ ತಿಂಗಳಿಡೀ ಬಾಡಿಗೆ ಮನೆಯಿಂದ ಹೊರಗೆ ಹಾಕುತ್ತಾರೆಂದು ಹೆದರಿಕೊಂಡೇ ಇದ್ದೆ. ಹೆದರುವುದಕ್ಕೆ ಕಾರಣ ಸಿಗದ ದಿನ ನನಗೆ ಊಟ ಸೇರುವುದಿಲ್ಲ.

ನಾನಿರುವುದು ಮೆಣಸಿನಕಾಯಿಯಿಂದ ಬಣ್ಣ ತೆಗೆಯುವ ಕಂಪನಿಯೊಂದರಲ್ಲಿ. ಮೈಸೂರಿನ ಪ್ರಯೋಗಾಲಯದಲ್ಲೇ ತಲೆ ನರೆಯುತ್ತಿದ್ದವಳನ್ನು, ಬಡ್ತಿ ಎಂಬ ಹೆಸರಿನಲ್ಲಿ ಇಲ್ಲಿನ ಖರೀದಿ ಕೇಂದ್ರಕ್ಕೆ ಕಳಿಸಿದರು. ರೈತರು ತಂದ ಕಾಯಿಯ ಬಣ್ಣ, ತೇವ ನೋಡುವುದು ನನ್ನ ಕೆಲಸ. ಅಲ್ಲಿ ಕಿಟಕಿ ತೆರೆದರೆ ಬೇವಿನ ಮರದ ಗಾಳಿ ಬರುತ್ತಿತ್ತು. ಇಲ್ಲಿ ಕಿಟಕಿ ತೆರೆದರೆ ಸೀನು. ಅಲ್ಲಿನ ನೀರಿನಲ್ಲಿ ಬೇಳೆ ತಾನಾಗಿ ಕರಗುತ್ತಿತ್ತು; ಇಲ್ಲಿನ ಸವಳು ನೀರಿನಲ್ಲಿ ಕುಕ್ಕರ್ ಎಷ್ಟು ಸಲ ಕೂಗಿದರೂ ಅದು ಬೇಳೆಯಾಗಿಯೇ ಉಳಿಯುತ್ತದೆ. ರೊಟ್ಟಿ ತಟ್ಟುವುದನ್ನು ಕಲ್ಲವ್ವ ಕಲಿಸಿದರು. ನನ್ನ ಮೊದಲ ರೊಟ್ಟಿಯನ್ನು ಎತ್ತಿ ಬೆಳಕಿಗೆ ಹಿಡಿದು, "ಇದ್ಯಾವ ದೇಶದ ನಕಾಶಿ ಬೇ?" ಎಂದರು.

ರೊಟ್ಟಿ ದುಂಡಗಾಗುವ ಮೊದಲೇ ನನಗೆ ಒಲಿದದ್ದು ಒಂದು ಮಾತು. ಇಲ್ಲಿ ಯಾರನ್ನಾದರೂ "ಹೆಂಗದೀರಿ?" ಎಂದು ಕೇಳಿದರೆ, "ಅಡ್ಡಿಯಿಲ್ಲ್ರಿ" ಎನ್ನುತ್ತಾರೆ. ಚೆನ್ನಾಗಿದ್ದೇನೆ ಎಂದೇ ಅರ್ಥವಲ್ಲ. ಇದ್ದೇನೆ, ನಡೆದಿದೆ, ಇನ್ನೂ ಬಿದ್ದಿಲ್ಲ ಎಂದು. ನನ್ನಂಥ ಹೆದರುಪುಕ್ಕಲಿಗೆ ಇದಕ್ಕಿಂತ ಹೇಳಿ ಮಾಡಿಸಿದ ಮಾತು ಸಿಗುವುದುಂಟೆ? ಸಂತೆಯಲ್ಲಿ, ಸ್ಟೇಷನ್ನಿನಲ್ಲಿ, ಗಿರಣಿಯ ಮುಂದೆ ಅದನ್ನೇ ಹಂಚುತ್ತಾ ತಿರುಗಿದೆ. ಎರಡು ವರ್ಷದಲ್ಲಿ ಅದು ನಾಲಿಗೆಗೆ ಅಂಟಿಕೊಂಡಿತು.

ಯಜಮಾನರ ಹೃದಯದ ಕವಾಟವೊಂದು ಸರಿಯಾಗಿ ಮುಚ್ಚುವುದಿಲ್ಲ. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಗೆ ಮುಂದಿನ ತಿಂಗಳ ದಿನ ಗೊತ್ತಾಗಿತ್ತು. ಖರ್ಚೆಲ್ಲ ಕಂಪನಿ ಮಾಡಿಸಿದ್ದ ಆರೋಗ್ಯ ವಿಮೆಯದು. ದಿನ ಗೊತ್ತಾದ ವಾರದಲ್ಲೇ ಎಚ್‌ಆರ್ ವಿಭಾಗದಿಂದ ಫೋನು ಬಂತು. ಪ್ರಮೋದ್ ಎಂಬ ಅಧಿಕಾರಿ, ಮೈಸೂರಿನವರು. ನಮ್ಮೂರಿನ ಆ ಮೆತ್ತನೆಯ ಕನ್ನಡ ಕೇಳಿ ನನಗೆ ಕಣ್ಣು ತುಂಬಿ ಬಂತು.

ಅದೇ ಮೆತ್ತನೆಯ ಕನ್ನಡದಲ್ಲಿ ಅವರು ಹೇಳಿದರು: "ಮೇಡಂ, ಗುಡಗೇರಿ ಸೆಂಟರ್ ಮುಚ್ತಾ ಇದ್ದೀವಿ. ಕಂಪನಿಯೇ ತೆಗೆದ್ರೆ ನಿಮ್ಮ ರೆಕಾರ್ಡಿಗೆ ಚೆನ್ನಾಗಿರಲ್ಲ, ಗ್ರ್ಯಾಚುಟಿಗೂ ತೊಂದರೆ ಆಗಬಹುದು. ನೀವೇ ರಾಜೀನಾಮೆ ಕೊಟ್ಟುಬಿಟ್ರೆ ಈ ತಿಂಗಳ ಕೊನೆಗೆ ಮುಗಿಸಿಬಿಡೋಣ."

ಕಿವಿಯಲ್ಲಿ ಗಿರಣಿ ತಿರುಗಿದಂತಾಯಿತು. ಬಹಳ ಹೊತ್ತು ಸುಮ್ಮನಿದ್ದೆನೆಂದು ಕಾಣುತ್ತದೆ, ಅವರೇ ಗಾಬರಿಯಾಗಿ, "ಮೇಡಂ? ಹುಷಾರಾಗಿದ್ದೀರಲ್ವಾ?" ಎಂದರು.

"ಅಡ್ಡಿಯಿಲ್ಲ್ರಿ" ಎಂದೆ.

"ಥ್ಯಾಂಕ್ಸ್ ಮೇಡಂ, ತುಂಬಾ ಥ್ಯಾಂಕ್ಸ್" ಎಂದು ಅವರು ಫೋನಿಟ್ಟರು. ಯಾಕಿಷ್ಟು ಕೃತಜ್ಞತೆ ಎಂದು ನನಗೆ ಹೊಳೆಯಲೇ ಇಲ್ಲ. ಮರುದಿನ ಮೇಲ್ ಬಂದಾಗ ಹೊಳೆಯಿತು. ರಾಜೀನಾಮೆ ಕೊಡಲು ನನ್ನ ಅಡ್ಡಿಯೇನೂ ಇಲ್ಲವೆಂದು ಫೋನಿನಲ್ಲಿ ತಿಳಿಸಿದ್ದೇನಂತೆ. ಆದ್ದರಿಂದ ಜೊತೆಗಿರುವ ರಾಜೀನಾಮೆ ಪತ್ರಕ್ಕೆ ಸಹಿ ಹಾಕಿ ಕಳಿಸಬೇಕಂತೆ. ನಾನು ಹೇಳಿದ್ದು ಗುಡಗೇರಿಯ ಅಡ್ಡಿಯಿಲ್ಲ. ಅವರಿಗೆ ಕೇಳಿಸಿದ್ದು ಮೈಸೂರಿನದು. ಎರಡು ವರ್ಷ ಕಷ್ಟಪಟ್ಟು ಪರವೂರಿನ ಮಾತು ಕಲಿತು, ಅದನ್ನು ಹೋಗಿ ಹೋಗಿ ನನ್ನೂರಿನವರ ಹತ್ತಿರ ಆಡಿದ್ದೆ.

ಕೆಲಸದ ಕೊನೆಯ ದಿನವೇ ವಿಮೆಯ ಕೊನೆಯ ದಿನ. ತಿಂಗಳ ಕೊನೆಗೆ ನಾನು ಹೊರಬಿದ್ದರೆ ಮುಂದಿನ ತಿಂಗಳ ಶಸ್ತ್ರಚಿಕಿತ್ಸೆ ನಮ್ಮ ಕೈಗೆ ಎಟುಕುವುದಿಲ್ಲ. ಯಜಮಾನರಿಗೆ ಹೇಳಿದೆ. "ಆಪರೇಷನ್ ಮುಂದಕ್ಕೆ ಹಾಕಿದರಾಯ್ತು ಬಿಡೇ" ಎಂದು ಮೆಟ್ಟಿಲು ಹತ್ತಿ ಹೊರಟರು, ನಡುವೆ ನಿಂತು ಕಂಬಿ ಹಿಡಿದು ಏದುಸಿರು ಬಿಟ್ಟರು. ಆ ಉಸಿರಿನ ಸದ್ದು ನನ್ನನ್ನು ಹುಬ್ಬಳ್ಳಿಯ ರೈಲು ಹತ್ತಿಸಿತು.

ನೌಕರಿ ವ್ಯಾಜ್ಯಗಳನ್ನು ನಡೆಸುವ ವಕೀಲರೊಬ್ಬರನ್ನು ಕಂಡೆ. ಎಲ್ಲ ಕೇಳಿ, "ನೀವು ಖರೇ ಏನಂದ್ರಿ ಅವಗ?" ಎಂದರು.

"ಅಡ್ಡಿಯಿಲ್ಲ ಅಂದೆ."

ಅವರು ಕನ್ನಡಕ ತೆಗೆದು ನಕ್ಕರು. "ಹಂಗಂದ್ರ ರಾಜೀನಾಮಿ ಹೆಂಗ ಆಗತೈತ್ರಿ ಬಾಯಾರ? ನಮ್ಮ ಕಡೆ ಜ್ವರಾ ಬಂದು ಮಲಗಿದವನೂ ಅಡ್ಡಿಯಿಲ್ಲ ಅಂತಾನ. ಸಹಿ ಹಾಕಿಲ್ಲಲ್ಲ? ಹಾಕಬ್ಯಾಡ್ರಿ."

ಅಲ್ಲಿ ಕೂತು ನನಗೆ ತಿಳಿದದ್ದನ್ನು ನಿಮಗೂ ಹೇಳುತ್ತೇನೆ, ನಿಮ್ಮ ಮನೆಯಲ್ಲೂ ನೌಕರಿಗೆ ಹೋಗುವವರಿರಬಹುದು. ಐದು ವರ್ಷ ಪೂರೈಸಿದವರಿಗೆ ಗ್ರ್ಯಾಚುಟಿ ನಾವಾಗಿ ಬಿಟ್ಟರೂ ಸಿಗುತ್ತದೆ, ಅವರಾಗಿ ತೆಗೆದರೂ ಸಿಗುತ್ತದೆ. ತಪ್ಪು ಮಾಡಿ ಹೊರಬಿದ್ದವರ ಮಾತು ಬೇರೆ. ಭವಿಷ್ಯನಿಧಿ ಹೇಗಿದ್ದರೂ ನಮ್ಮದೇ. ಆದರೆ ಕೆಲಸದಿಂದ ತೆಗೆದದ್ದಕ್ಕೆ ಕೊಡುವ ಪರಿಹಾರವನ್ನು ರಾಜೀನಾಮೆ ಕೊಟ್ಟವರು ಕೇಳುವುದು ಕಷ್ಟ. ನನಗೆ ಬೇಕಾದದ್ದು ಇನ್ನೂ ಸಣ್ಣದೊಂದು ಸಾಲಿನಲ್ಲಿತ್ತು. ನನ್ನ ನೇಮಕಾತಿ ಷರತ್ತಿನ ಪ್ರಕಾರ, ಕಂಪನಿ ತೆಗೆಯುವುದಾದರೆ ಮೂರು ತಿಂಗಳ ನೋಟಿಸ್ ಕೊಡಬೇಕು. ಅದು ಮುಗಿಯುವವರೆಗೆ ನಾನು ನೌಕರಳೇ, ವಿಮೆಯೂ ಜೀವಂತ.

"ನೋಟಿಸ್ ಬದ್ಲಿ ಮೂರು ತಿಂಗಳ ಪಗಾರ ಕೊಡ್ತೀವಿ, ಇವತ್ತ ಹೋಗ್ರಿ ಅಂದಾರು" ಎಂದು ವಕೀಲರು ಎಚ್ಚರಿಸಿದರು. "ರೊಕ್ಕಾ ನೋಡಿ ಹೂಂ ಅನಬ್ಯಾಡ್ರಿ. ನಿಮಗ ನೌಕರ್ಯಾಗಿನ ದಿನಾ ಬೇಕಾಗ್ಯಾವು."

ಮರಳಿ ಬಂದು, ಪ್ರಮೋದರಿಗೆ ಹೇಳಬೇಕಾದದ್ದನ್ನು ಗಿರಣಿಯ ಕಟ್ಟೆಯ ಮೇಲೆ ಕೂತು ಗಟ್ಟಿಯಾಗಿ ಅಭ್ಯಾಸ ಮಾಡಿದೆ: "ದಯವಿಟ್ಟು ತಪ್ಪು ತಿಳಿಯಬಾರದು, ನಿಮ್ಮ ಕಷ್ಟವೂ ನನಗೆ ಅರ್ಥವಾಗುತ್ತದೆ, ಆದರೂ ಒಂದು ವೇಳೆ ಸಾಧ್ಯವಾಗುವುದಾದರೆ..."

ಕಲ್ಲವ್ವ ಗಿರಣಿ ಬಂದ್ ಮಾಡಿದರು. "ಯಾರ ಮದುವಿಗೆ ಕರ್ಯಾಕತ್ತೀ ಬೇ? ಇಷ್ಟ ಸುತ್ತಿ ಬಳಸಿದರ ಅವಗ ಏನ್ ತಿಳೀಬೇಕು? ಕೊಡಂಗಿಲ್ಲ ಅನ್ನು, ಮುಗೀತು."

"ಅವರಿಗೆ ಬೇಜಾರಾದರೆ?"

"ಆಗ್ಲಿ! ಬ್ಯಾಸರಾದವರು ಸಾಯಂಗಿಲ್ಲ. ನಿನ್ನ ಗಂಡನ್ನ ನೋಡು."

ನಂಬರು ಒತ್ತಿದೆ. ಪ್ರಮೋದ್ ಮೆತ್ತಗೆ ಹಲೋ ಎಂದರು. ಆ ಸ್ವರ ಕೇಳಿದ್ದೇ ನನ್ನೊಳಗಿನ ಮೈಸೂರು ಎದ್ದು ಕುಳಿತು "ದಯವಿಟ್ಟು" ಎನ್ನಲು ಬಾಯಿ ತೆರೆಯಿತು. ಎದುರಿಗೆ ಕಲ್ಲವ್ವ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು.

"ರಾಜೀನಾಮೆ ಕೊಡಂಗಿಲ್ಲ್ರಿ" ಎಂದೆ. "ತೆಗೀಬೇಕಂದ್ರೆ ನೀವೇ ತೆಗೀರಿ. ನೋಟಿಸ್ ಕೊಡಿ. ಮೂರು ತಿಂಗಳು ನಾನು ನೌಕರಿಯಲ್ಲೇ ಇರಬೇಕು, ನೋಟಿಸಿನ ಬದಲಿಗೆ ಸಂಬಳ ಕೊಟ್ಟು ಕಳಿಸೋದು ಬೇಡ."

ಅತ್ತ ಕಡೆಯಿಂದ ಸಣ್ಣ ದನಿ: "ಅವತ್ತು ಅಡ್ಡಿಯಿಲ್ಲ ಅಂದ್ರಲ್ಲ ಮೇಡಂ... ನೀವು ಮೈಸೂರಿನವರಲ್ವಾ?"

"ಮೈಸೂರಿನವಳೇ. ಆದ್ರೆ ಅಡ್ಡಿ ಐತಿ."

ಫೋನಿಟ್ಟ ಮೇಲೆ ಕಲ್ಲವ್ವ ಗಿರಣಿ ಮತ್ತೆ ಶುರುಮಾಡಿದರು. ನಮ್ಮವನೊಬ್ಬನಿಗೆ ಮುಖಕ್ಕೆ ಹೊಡೆದಂತೆ ಮಾತಾಡಿದೆನಲ್ಲ ಎಂಬ ಸಂಕಟ ಒಂದು ಕಡೆ. ಸಿಟ್ಟಾಗಿ ಇವತ್ತೇ ತೆಗೆದರೆ ಎಂಬ ಭಯ ಇನ್ನೊಂದು ಕಡೆ. ಉತ್ತರ ಬರುವವರೆಗೆ ಯಜಮಾನರು ಮೆಟ್ಟಿಲು ಹತ್ತುವುದನ್ನು ಹಿಂದೆ ನಿಂತು ಕೇಳುತ್ತಿದ್ದೆ, ಯಾವ ಮೆಟ್ಟಿಲಿನಲ್ಲಿ ಉಸಿರು ನಿಲ್ಲುವುದೋ ಎಂದು. ಕೊನೆಗೆ ಕೇಂದ್ರ ಮುಚ್ಚುವುದರಿಂದ ನನ್ನನ್ನು ತೆಗೆಯುತ್ತಿರುವುದಾಗಿ, ನೋಟಿಸ್ ಅವಧಿ ಮುಗಿಯುವವರೆಗೆ ನೌಕರಿಯಲ್ಲಿ ಮುಂದುವರಿಸುವುದಾಗಿ ಮೇಲ್ ಬಂತು. ಕೆಲಸ ಹೋದ ಸುದ್ದಿ ಓದಿ ಪೇಡೆ ಹಂಚಿದ ಹೆಂಗಸು ಈ ಸೀಮೆಯಲ್ಲಿ ನಾನೊಬ್ಬಳೇ ಇರಬೇಕು.

ನೋಟಿಸ್ ಮುಗಿದ ಮೇಲೆ ಎಲ್ಲಿಗೆ? ತಂಗಿ ಮೈಸೂರಿಗೇ ಬಂದುಬಿಡು ಎನ್ನುತ್ತಾಳೆ. ಕಲ್ಲವ್ವ, "ಇಲ್ಲೇ ಇರು, ರೊಟ್ಟಿ ಈಗೀಗ ದುಂಡಗ ಆಗಾಕತ್ತಾವು" ಎನ್ನುತ್ತಾರೆ. ಇಬ್ಬರಿಗೂ ಉತ್ತರ ಕೊಟ್ಟಿಲ್ಲ.

ಶಸ್ತ್ರಚಿಕಿತ್ಸೆಯ ಬೆಳಿಗ್ಗೆ ನರ್ಸಮ್ಮ ಒಪ್ಪಿಗೆಯ ಕಾಗದ ತಂದರು. ಸಹಿ ಎಂದರೆ ಈಗ ನನಗೆ ಕೈ ಬರುವುದಿಲ್ಲ. ಮತ್ತೆ ಮತ್ತೆ ಓದಿದೆ. ಈ ಚಿಕಿತ್ಸೆಗೆ ನಮ್ಮ ಅಡ್ಡಿಯಿರುವುದಿಲ್ಲ ಎಂದೇ ಅಲ್ಲಿ ಬರೆದಿತ್ತು.

"ಯಾಕ್ರೀ ಅಕ್ಕಾರ, ಏನರ ಅಡ್ಡಿ ಐತೇನ್ರಿ?" ಎಂದರು ನರ್ಸಮ್ಮ. ನಾನು ಮತ್ತೆ ಮೊದಲ ಸಾಲಿನಿಂದ ಓದತೊಡಗಿದೆ. ಅವರು ಸ್ಟ್ರೆಚರಿನ ಕಡೆ ತಿರುಗಿ, "ಕಾಕಾ, ನೀವು ಹೆಂಗದೀರಿ?" ಎಂದು ಕೇಳಿದರು.

ಎರಡು ವರ್ಷದಲ್ಲಿ ಒಂದು ದಿನವೂ ಈ ಊರಿನ ಮಾತು ಆಡದಿದ್ದ ಯಜಮಾನರು, ನನ್ನ ಮುಖ ನೋಡುತ್ತಾ, "ಅಡ್ಡಿಯಿಲ್ಲ್ರಿ" ಎಂದರು.

ಯಾವ ಊರಿನದು ಎಂದು ನಾನು ಕೇಳಲಿಲ್ಲ. ಎರಡಕ್ಕೂ ಸೇರಿಸಿ ಸಹಿ ಹಾಕಿದೆ.