ಯೇಸುಕೂಸಿನ ಕುಂಚಿಗಿ

ಇಂದು ಬೆಳಿಗ್ಗೆ ನೋಡುತ್ತೇನೆ, ನಮ್ಮ ಜೇವರ್ಗಿಯ ಶಿಶುಶಾಲೆಯ ಗೋದಲಿಯಲ್ಲಿ ಮಲಗಿದ್ದ ಯೇಸುಕೂಸಿನ ಗೊಂಬೆಗೆ ತಲೆ-ಕಿವಿ ಮುಚ್ಚುವ ಕೆಂಪು ಕುಂಚಿಗಿ! ಗೆಳತಿಯರೇ, ಕ್ರಿಸ್ಮಸ್ಸಿಗೆಂದು ನಿನ್ನೆ ಮಕ್ಕಳಿಂದ ಜೋಳದ ದಂಟಿನ ಕೊಟ್ಟಿಗೆ ಕಟ್ಟಿಸಿದ್ದೆ, ಮಣ್ಣಿನ ಎತ್ತು ಮಾಡಿಸಿದ್ದೆ. ಕುಂಚಿಗಿ ಮಾತ್ರ ನಾನು ಹೇಳಿಕೊಟ್ಟದ್ದಲ್ಲ. ಪುಟ್ಟ ನೀಲವ್ವ ಮನೆಯಿಂದ ತನ್ನ ತಮ್ಮನದನ್ನು ತಂದು ತೊಡಿಸಿದ್ದಳು.

ಮುಖ್ಯೋಪಾಧ್ಯಾಯಿನಿ ದೊಡ್ಡಬಾಯಿಯವರು ಗೋಡೆಯ ಮೇಲಿನ ಯೇಸುಜನನದ ವಿಲಾಯತಿ ಚಿತ್ರದತ್ತ ಬೆರಳು ಮಾಡಿದರು. “ಚಿತ್ರದಾಗ ಕುಂಚಿಗಿ ಅದೇನು? ನಾಳೆ ಕಲಬುರ್ಗಿಯಿಂದ ಮಿಶನ್ ಮೇಮ್‌ಸಾಹೇಬರು ಸಾಲಿ ನೋಡಾಕ ಬರ್ತಾರ. ತಗಿ ಅದನ್ನ!”

“ಚಳಿ ಅದ ರೀ ಬಾಯಾರ, ಹಸಿ ಕೂಸು,” ಎಂದಳು ನೀಲವ್ವ. ಆಮೇಲೆ ಪಕ್ಕದಲ್ಲಿದ್ದ ತಾಯಿ ಮರಿಯಳ ಗೊಂಬೆಯನ್ನು ತೋರಿಸಿದಳು. “ಈ ಕೂಸಿನವ್ವನ ಕಿವಿನೂ ತೆರದಾವ. ಬಾಣಂತಿಗೆ ಗಾಳಿ ಬಡಿಯಂಗಿಲ್ಲೇನ್ರಿ?”

“ಸುಮ್ನಿರು ಬೇ!” ಎಂದು ದೊಡ್ಡಬಾಯಿ ನನ್ನತ್ತ ತಿರುಗಿದರು. “ಬಿ.ಎ. ಓದಿ ಇದನ್ನ ಕಲಿಸಾಕತ್ತೀಯೇನು? ನಾಳೆ ಇದು ಕಂಡ್ರ ಬ್ಯಾರೆ ಕಡೆ ನೌಕರಿ ನೋಡ್ಕೋ.”

ನೀಲವ್ವ ನನ್ನ ಸೆರಗು ಹಿಡಿದು ನಿಂತಿದ್ದಳು. ನಾನು ಕುಂಚಿಗಿಗೆ ಕೈ ಹಚ್ಚಲಿಲ್ಲ.

ಆ ಚಿತ್ರ ಬರೆದ ಮಹಾಶಯರು ಬಾಣಂತಿಯ ಕೋಣೆಗೆ ಎಂದೂ ಇಣುಕಿದವರಲ್ಲ ಎಂದು ಕಾಣುತ್ತದೆ. ಮನೆಗೆ ಬಂದವಳೇ ನನ್ನ ಹಳೆಯ ಸೀರೆಯಿಂದ ಒಂದು ಪಟ್ಟಿ ಹರಿದಿಟ್ಟಿದ್ದೇನೆ. ನಾಳೆ ಮೇಮ್‌ಸಾಹೇಬರು ಬರುವ ಮೊದಲೇ ಮರಿಯಳ ಕಿವಿಯನ್ನೂ ಮುಚ್ಚಿ ಕಟ್ಟುತ್ತೇನೆ.